ಯಂತ್ರಕ್ಕೆ ಕೇಳಿಸದ್ದು

ನೆಲ ಒರೆಸಿದ ಫಿನಾಯಿಲಿನ ವಾಸನೆ ಮೂಗಿಗೆ ಅಡರುತ್ತಿದೆ, ಆಸ್ಪತ್ರೆಯ ಈ ಬೆಂಚಿಗೆ ಒಂದು ಕಾಲು ಗಿಡ್ಡ, ಅವಳು ಉಸಿರಾಡಿದರೂ ಟಕ್ಕೆನ್ನುತ್ತದೆ, ಮಗು ಆ ಬಾಗಿಲಾಚೆ, ತಲೆಗೆ ಪೆಟ್ಟು ಬಿದ್ದಿದೆ, ಈಗಲೇ ಏನೂ ಹೇಳೋಕಾಗಲ್ಲ ಅಂದರು ಡಾಕ್ಟರು, ಹೇಳಬೇಕಾದವಳು ಅವಳೇ ಅಲ್ಲವೇ, ಮಕ್ಕಳ ರಕ್ಷಣಾ ಅಧಿಕಾರಿ, ಕೊರಳಲ್ಲಿ ಗುರುತಿನ ಚೀಟಿ ಬೇರೆ ಕೇಡು — ಕಳೆದ ವಾರ ಆ ಮನೆಯ ಸೋಫಾದ ಮೇಲೆ ಕೂತಿದ್ದಳು, ಮೇಜಿನ ಮೇಲೆ ಮೊಬೈಲು, ಅದರೊಳಗೆ ಇಲಾಖೆ ಕೊಟ್ಟ ಎಐ, ಮಾತೆಲ್ಲ ಕೇಳಿಸಿಕೊಂಡು ತಾನೇ ವರದಿ ಬರೆಯುತ್ತದೆ, ಕಣ್ಣಿಗೆ ಕಂಡದ್ದನ್ನ ಬಾಯಿಬಿಟ್ಟು ಹೇಳ್ರಪ್ಪ, ಅದಕ್ಕೆ ಕಿವಿ ಮಾತ್ರ ಇರೋದು ಅಂದಿದ್ದರು ತರಬೇತಿಯಲ್ಲಿ, ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಎದುರಿಗೆ ಮಗುವಿನ ಸೋದರಮಾವ, ಬೆಣ್ಣೆಯಂಥ ಮಾತು, ಅಪ್ಪ ಅಮ್ಮ ಇಲ್ಲದ ಕೂಸು ಮೇಡಂ, ನಾವು ಯಾವುದಕ್ಕೂ ಕಮ್ಮಿ ಮಾಡಿಲ್ಲ, ಗೋಡೆಯ ಫೋಟೋ ತೋರಿಸಲು ಅವನು ಅತ್ತ ತಿರುಗಿದಾಗ ಮಗು ಸ್ವೆಟರಿನ ತೋಳನ್ನು ಮೇಲೆ ಸರಿಸಿತು, ಅಬ್ಬಾ ಆ ಸುಟ್ಟ ಬರೆಗಳು, ಸರಿಸಿ ಇವಳ ಮುಖವನ್ನೇ ನೋಡಿತು, ನೋಡಿದೆ ಎಂದು ಇವಳು ತಲೆಯಾಡಿಸಿದಳು, ತೋಳು ಇಳಿಯಿತು. ಅವನೆದುರು ಬಾಯಿಬಿಟ್ಟು ಹೇಗೆ ಹೇಳುವುದು, ಹೇಳಿ ಇವಳು ಹೊಸಿಲು ದಾಟಿದ ಮೇಲೆ ಮಗುವಿನ ಗತಿ ಏನು, ಹೊರಗೆ ಹೋಗಿ ಸೇರಿಸಿದರಾಯಿತು ಎಂದುಕೊಂಡಳು, ಹೊರಗೆ ಬಂದರೆ ಮೇಲಧಿಕಾರಿಯ ಫೋನು, ಇನ್ನೂ ಎಷ್ಟು ಮನೆ ಬಾಕಿ ರೀ, ಬೇಗ ಮುಗಿಸಿ, ಇನ್ನೊಂದು ಮನೆ, ಮತ್ತೊಂದು, ಸಂಜೆಗೆ ವರದಿಗಳೆಲ್ಲ ಸಾಲಾಗಿ ತಯಾರು, ಎಂಥ ಚಂದದ ಭಾಷೆ, ಮಗು ಶಾಂತವಾಗಿದ್ದು ಮನೆಯಲ್ಲಿ ಸುರಕ್ಷಿತವಾಗಿದೆ, ಕಣ್ಣು ಉರಿಯುತ್ತಿತ್ತು, ಬೆರಳು ಒಪ್ಪಿಗೆ, ಒಪ್ಪಿಗೆ ಎಂದು ಒತ್ತುತ್ತಲೇ ಹೋಯಿತು — ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಶಾಪ ಹಾಕುತ್ತಲೇ ಬರೆಯುತ್ತಿದ್ದಳು, ಆದರೂ ಬರೆಯುತ್ತ ಬರೆಯುತ್ತ ಕಂಡದ್ದೆಲ್ಲ ಮತ್ತೆ ಎದುರಿಗೆ ಬಂದು ನಿಲ್ಲುತ್ತಿತ್ತು, ಆ ಸಂಜೆ ಯಾವುದೂ ಬರಲಿಲ್ಲ, ಆ ಬರೆಗಳೂ.

ಬೆಂಚು ಟಕ್ಕೆಂದಿತು, ಮಗುವನ್ನು ಎತ್ತಿಕೊಂಡು ಬಂದ ಪಕ್ಕದ ಮನೆಯ ಹೆಂಗಸು ಪಕ್ಕ ಕೂತಳು, ಬಟ್ಟೆಯ ಮೇಲೆ ಇನ್ನೂ ರಕ್ತ, ನೀವೇ ಅಲ್ವೇನಮ್ಮ ಅವತ್ತು ಬಂದಿದ್ದು, ಅವತ್ತಿಂದ ಅದಕ್ಕೆ ಒಂದೇ ಧ್ಯಾನ, ಸ್ಕೂಲಿಂದ ಬಂದ್ರೆ ಚಪ್ಪಲಿ ಬಿಚ್ತಾನೇ ಇರಲಿಲ್ಲ, ಯಾಕೇ ಪುಟ್ಟಿ ಅಂದ್ರೆ, ಆ ಆಂಟಿ ನೋಡಿದ್ದಾರೆ, ಕರ್ಕೊಂಡು ಹೋಗೋಕೆ ಬರ್ತಾರೆ ಅನ್ನೋದು. ಚಪ್ಪಲಿ, ನಾನು ಬರೆದಿಲ್ಲಮ್ಮ, ಬರೆದೇ ಇಲ್ಲ, ಹೇಳಲೆಂದು ಹೆಂಗಸಿನತ್ತ ತಿರುಗುತ್ತಾಳೆ, ಬಾಗಿಲು ತೆರೆಯುತ್ತದೆ, ನರ್ಸ್ ಏನೋ ಹೇಳುತ್ತಿದ್ದಾಳೆ, ಪಕ್ಕದ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಸ್ಕೂಲಿಂದ ಬಂದು ಚಪ್ಪಲಿ ಹಾಕಿಕೊಂಡೇ ಕೂತ ಮಗು, ಕತ್ತಲಾದರೂ ಬಿಚ್ಚದೆ, ಚಪ್ಪಲಿ ಹಾಕಿಕೊಂಡೇ, ಬಾಗಿಲ ಬಳಿ, ಚಪ್ಪಲಿ ಹಾಕಿಕೊಂಡೇ