ಕೊಟ್ಟಿಗೆಗೆ ಬಂದ ಬಾಣಂತಿ

ಹಿತ್ತಿಲ ಹೊಂಗೆಮರ ಕಡಿಸಿದವಳು ನಾನೇ. ಎಲೆ ಗುಡಿಸಿ ಗುಡಿಸಿ ಸೊಂಟ ಬಿದ್ದುಹೋಗಿತ್ತು. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಎಲ್ಲರೂ ಮನೆ ಸುತ್ತ ಇಂಟರ್‌ಲಾಕ್ ಟೈಲ್ಸ್ ಹಾಕಿಸಿದ ಮೇಲೆ ನಮಗೊಬ್ಬರಿಗೆ ಯಾಕೆ ಮಣ್ಣು ಅಂತ ಹಟ ಹಿಡಿದೆ. ಹಳೇ ಹೆಂಚಿನ ಮನೆ ಕೆಡವಿ ತಾರಸಿ ಹಾಕಿಸಿದ್ದೂ ಆಗಲೇ. ಕೊಟ್ಟಿಗೆಯೊಂದು ಹಾಗೇ ಉಳಿಯಿತು. "ಲೇ ಚಿಕ್ಲಕ್ಷ್ಮಿ, ಮರ ಇರ್ಲಿ ಕಣೇ," ಅಂದಿದ್ದರು ನಮ್ಮ ಯಜಮಾನರು ಬೈರಯ್ಯ. ಅವರ ಮಾತು ನಾನು ಯಾವಾಗ ಕೇಳಿದ್ದೀನಿ?

ಈ ಏಪ್ರಿಲ್‌ನಲ್ಲಿ ಮಗಳು ಧನ್ಯಾಳ ಬಾಣಂತನ. ಮಗುವಿಗೆ ಹದಿನೆಂಟು ದಿನ. ಬಾಣಂತಿ ಕೋಣೆಗೆ ಗಾಳಿ ಆಡಬಾರದು ಅನ್ನುವುದು ನಮ್ಮವ್ವನ ಕಾಲದ ಕಟ್ಟಳೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮಗುವಿಗೆ ಕುಲಾವಿ, ಸ್ವೆಟರು ತೊಡಿಸಿ, ಮೇಲೊಂದು ಕಂಬಳಿ ಸುತ್ತಿದ್ದೆ.

ಅವತ್ತು ಮಧ್ಯಾಹ್ನ ಮಗು ಹಾಲಿಗೆ ಬಾಯಿ ಹಾಕಲಿಲ್ಲ. ಮೈ ಕೆಂಡ. ಅಳುವೂ ಇಲ್ಲ, ಬರೀ ಮಂಪರು.

"ಸೆಕೆ ಕಣವ್ವಾ, ಬಟ್ಟೆ ಬಿಚ್ತೀನಿ," ಅಂದಳು ಧನ್ಯಾ.

"ಸುಮ್ಕಿರೇ! ನಾಕ್ ಹೆತ್ತೋಳು ನಾನು. ಥಂಡಿ ಹೊಡ್ದದೆ, ಧೂಪ ಹಾಕ್ಬೇಕು," ಎಂದು ಗದರಿದೆ. ಗದರಿದೆನೇ ಹೊರತು ನಿಂತಲ್ಲಿ ನಿಲ್ಲಲಾಗಲಿಲ್ಲ. ಕೋಣೆಗೂ ಪಡಸಾಲೆಗೂ ಹತ್ತು ಸಲ ತಿರುಗಿದೆ. ಕೆಂಡ ಮಾಡಲು ಬೆರಣಿ ತರೋಣವೆಂದು ಬರಿಗಾಲಲ್ಲೇ ಹಿತ್ತಿಲಿಗೆ ಓಡಿದೆ.

ಅಯ್ಯಯ್ಯಪ್ಪಾ! ಟೈಲ್ಸು ಕಾದ ಕಾವಲಿಯಾಗಿತ್ತು. ಕುಣಿದಾಡಿಕೊಂಡು ಕೊಟ್ಟಿಗೆಯೊಳಗೆ ಬಿದ್ದೆ. ಮಣ್ಣಿನ ನೆಲ ಅಂಗಾಲಿಗೆ ತಣ್ಣಗೆ ತಗುಲಿತು. ಹೆಂಚಿನ ಕೆಳಗೆ ಹಸು ಹಾಯಾಗಿ ಮೆಲುಕು ಹಾಕುತ್ತಿತ್ತು. ಬೆರಣಿ ಹಿಡಿದವಳು ನಿಂತೇಬಿಟ್ಟೆ. ಧನ್ಯಾ ಕೂಸಾಗಿದ್ದಾಗ ಅವಳನ್ನು ನಾನು ಸುತ್ತಿ ಮಲಗಿಸಿದ್ದು ಇಂಥದೇ ಹೆಂಚಿನ ಕೆಳಗೆ, ಇಂಥದೇ ನೆಲದ ಮೇಲೆ. ಅಲ್ಲಿ ಕಂಬಳಿ ಬೇಕಿತ್ತು. ಈಗ ಮೇಲೆ ತಾರಸಿ, ಸುತ್ತ ಟೈಲ್ಸು, ಗೋಡೆಗೆ ಎಳ್ಳಷ್ಟೂ ನೆರಳಿಲ್ಲ. ಮೊಮ್ಮಗುವನ್ನು ನಾನೇ ಬೇಯಿಸುತ್ತಿದ್ದೆ.

ಬೆರಣಿ ಬಿಸಾಡಿ ಓಡಿದೆ. ಈ ಸಲ ಕಾಲು ಸುಟ್ಟದ್ದು ಗೊತ್ತಾಗಲಿಲ್ಲ.

"ಏಳವ್ವಾ, ಕೊಟ್ಗೆಗ್ ನಡಿ!"

ಹಸುವನ್ನು ಹೊರಗೆ ಕಟ್ಟಿ ಚಾಪೆ ಹಾಸಿದೆವು. ಕಂಬಳಿ, ಸ್ವೆಟರು, ಕುಲಾವಿ ಎಲ್ಲ ಕಿತ್ತೆಸೆದು ಒದ್ದೆ ಬಟ್ಟೆಯಲ್ಲಿ ಮಗುವಿನ ಮೈ ಒರೆಸಿದೆ. ಬೈರಯ್ಯ ಆಶಾ ಕಾರ್ಯಕರ್ತೆ ಮಾಯಮ್ಮನಿಗೆ ಫೋನ್ ಮಾಡಿ ಆಟೋ ಕರೆಯಲು ಓಡಿದರು.

ಕಾಲು ಗಂಟೆ. ನನ್ನ ಜನ್ಮದಲ್ಲಿ ಅಷ್ಟು ಉದ್ದದ ಕಾಲು ಗಂಟೆ ಕಂಡಿಲ್ಲ. ಆಮೇಲೆ ಮಗು ಕಿರ್ರೆಂದಿತು. ಧನ್ಯಾ ಎದೆಗೆ ಹಿಡಿದಳು. ಚೀಪಿತು! ನಾನು ಗೊಳೋ ಎಂದು ಅತ್ತುಬಿಟ್ಟೆ.

ಮಾಯಮ್ಮ ಬಂದು ಮಗುವನ್ನು ಮುಟ್ಟಿ ನೋಡಿದಳು. "ಆದ್ರೂವೆ ಆಸ್ಪತ್ರೆಗೆ ತೋರ್ಸ್ಬುಡಾನ, ನಡೀರಿ. ಏನಾಗಿತ್ತು ಅಂತ ಯೋಳ್ಲಿ ಡಾಕ್ಟ್ರಿಗೆ?"

ಧನ್ಯಾ ನನ್ನ ಮುಖ ನೋಡಿದಳು. "ಬಿಸ್ಲು ಕಣಕ್ಕಾ," ಎಂದಳು, ನನ್ನ ಮಾನ ಉಳಿಸಲು.

ಆಟೋ ತಂದ ಬೈರಯ್ಯ ಬಾಗಿಲಲ್ಲಿ ನಿಂತಿದ್ದರು. ಹೊರಗೆ ಹಸು ಸುಡುವ ಟೈಲ್ಸ್ ಮೇಲೆ ನಿಲ್ಲಲಾರದೆ, ಹೊಂಗೆಯ ಮೋಟಿನ ಸುತ್ತ ಉಳಿದಿದ್ದ ಮೊರದಗಲ ಮಣ್ಣಿನಲ್ಲಿ ನಾಲ್ಕೂ ಕಾಲು ಒತ್ತಿಟ್ಟುಕೊಂಡಿತ್ತು.

"ಬಿಸ್ಲಲ್ಲ ಕಣ್ ಮಾಯಮ್ಮ," ಅಂದೆ. "ನಾನು. ಅಂಗೇ ಯೋಳು."