ಗಾಡಿ ಹೊರಡುವ ಊರು

ನಿಕಿತಾಳಿಗೆ ಇಂಗ್ಲೆಂಡಿನ ಲೀಡ್ಸಿನಲ್ಲಿ ಕೆಲಸ ಸಿಕ್ಕಿದಾಗ, ಯಾವ ಏರಿಯಾದಲ್ಲಿ ಮನೆ ಹಿಡಿಯಬೇಕೆಂಬ ಚರ್ಚೆ ನಡೆದದ್ದು ಮುಂಬಯಿ ಹತ್ತಿರದ ಡೊಂಬಿವಲಿಯ ಅಡುಗೆಮನೆಯಲ್ಲಿ. ಪಾರ್ಕು, ಲೈಬ್ರರಿ, ಸದ್ದಿಲ್ಲದ ರಸ್ತೆ, ಇವು ಯಾವುವೂ ಅವಳ ಅಮ್ಮ ಉಮಾವತಿಯ ತಲೆಗೆ ಹೋಗಲಿಲ್ಲ. ಥಾಣೆ ಪಟ್ಟಣದ ಆಫೀಸಿಗೆ ಅರ್ಧ ಆಯುಷ್ಯ ಕಿಕ್ಕಿರಿದ ಲೋಕಲ್ ರೈಲಿನಲ್ಲಿ ನಿಂತೇ ಹೋದ ಹೆಂಗಸು ಆಕೆ.

“ಅದೆಲ್ಲ ಬಿಡು ಮಾರಾಯ್ತಿ. ಗಾಡಿ ಎಲ್ಲಿಂದ ಹೊರಡ್ತದೋ ಅಲ್ಲೇ ಮನೆ ಮಾಡು. ದಿನಾ ಕೂತ್ಕೊಂಡು ಹೋಗ್ಲಿಕ್ಕೆ ಆಗ್ತದೆ.”

“ಅಮ್ಮಾ, ವಹಾಂ ಇತನೀ ಭೀಡ್ ನಹೀಂ ಹೋತೀ!”

“ಭೀಡ್ ಇಲ್ವಂತೆ! ಜನ ತುಂಬದ ಗಾಡಿ ಉಂಟಾ ಎಲ್ಲಿಯಾದ್ರೂ? ನನಗೆ ಹೇಳ್ಬೇಡ.”

ಮಗಳು ಸೋತು, ಲೈನಿನ ಕಟ್ಟಕಡೆಯ, ಗಾಡಿ ಹೊರಡುವ ಸ್ಟೇಶನ್ನಿನ ಪಕ್ಕದಲ್ಲೇ ಮನೆ ಹಿಡಿದಳು. ಕೆಲಸದ ಮೊದಲ ದಿನ ರೈಲಿನಿಂದಲೇ ವಿಡಿಯೊ ಕಾಲ್ ಮಾಡಿ ಬೋಗಿಯನ್ನೆಲ್ಲ ತೋರಿಸಿದಳು. ಸಾಲು ಸಾಲು ಸೀಟುಗಳು ಖಾಲಿ ಬಿದ್ದಿದ್ದವು. ಉಮಾವತಿಯ ಹೊಟ್ಟೆ ತಂಪಾಯಿತು. ಆದರೆ ಮಗಳು ಮಾತ್ರ, ಲೋಕಲ್ಲಿನ ಭೀಡಿಗೆಂದು ಅಮ್ಮ ಕಲಿಸಿದ ಹಾಗೆ, ಬ್ಯಾಗನ್ನು ಎದೆಗವಚಿಕೊಂಡು ಬಾಗಿಲ ಬಳಿ ನಿಂತಿದ್ದಳು.

“ಅಷ್ಟು ಸೀಟುಂಟಲ್ಲ, ನೀನ್ಯಾಕೆ ನಿಂತದ್ದು?”

“ಇನ್ನು ಎರಡೇ ಸ್ಟೇಶನ್ ಅಮ್ಮಾ,” ಎಂದಳು ನಿಕಿತಾ. “ಈಗ್ಲೇ ಬಾಗಿಲಿಗೆ ಬರದಿದ್ರೆ ಇಳಿಯೋದು ಹೇಗೆ?”