ಉಂಡೆ ಶಾಲೆ

ನಮ್ಮ ಶಾಲೆಯ ಜಗಲಿಯ ಗೋಡೆಗೆ ಉದ್ದಕ್ಕೂ ಒಂದು ಹಲಗೆ ಹೊಡೆದಿದ್ದರು. ಅದರ ಮೇಲೆ ನೀಲಿ ಅಂಚಿನ ಎನಾಮಲ್ ತಟ್ಟೆಗಳು ಕವುಚಿಕೊಂಡು ಕೂತಿರುತ್ತಿದ್ದವು. ಅವುಗಳಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಆದರೂ ಪ್ರತಿ ಶನಿವಾರ ಐದನೆಯ ತರಗತಿಯವರು ಅವನ್ನು ಇಳಿಸಿ, ಬೂದಿ ಹಾಕಿ ತಿಕ್ಕಿ, ಬಾವಿಕಟ್ಟೆಯಲ್ಲಿ ತೊಳೆದು, ಮತ್ತೆ ಕವುಚಿ ಇಡಬೇಕು. ಯಾಕೆಂದು ಕೇಳಿದರೆ "ಮೊದಲಿನಿಂದ ಹಾಗೆಯೇ" ಎಂಬ ಉತ್ತರ ಸಿಗುತ್ತಿತ್ತು.

ಇಗರ್ಜಿಗೆ ಸೇರಿದ ಆ ಶಾಲೆಯಲ್ಲಿ ಮೊದಲಿನಿಂದ ಬಂದದ್ದು ಇನ್ನೊಂದಿತ್ತು. ಹಾಜರಿ ಕರೆದಾಗ ಊರಿನ ಬೇರೆ ಶಾಲೆಯ ಮಕ್ಕಳು "ಹಾಜರ್" ಎನ್ನುತ್ತಿದ್ದರು. ನಾವು "ಉಂಡೆ, ಸಿಸ್ಟರ್" ಎನ್ನಬೇಕಿತ್ತು. ಶಾಲೆ ಕಟ್ಟಿದ ಪಾದ್ರಿ ಪರದೇಶದವರು, ಅವರಿಗೆ ಕನ್ನಡ ನೆಟ್ಟಗೆ ಬರುತ್ತಿರಲಿಲ್ಲ, "ಬಂದೆ" ಎನ್ನಲು ಕಲಿಸಹೊರಟು "ಉಂಡೆ" ಎಂದು ಕಲಿಸಿಬಿಟ್ಟರು ಎಂಬುದು ಊರಿನ ಕತೆ. ವಾರ್ಷಿಕೋತ್ಸವದ ನಾಟಕದಲ್ಲಿ ಯಾರಾದರೊಬ್ಬ ಮೇಷ್ಟ್ರು ಹತ್ತಿಯ ಗಡ್ಡ ಅಂಟಿಸಿಕೊಂಡು ಆ ತಪ್ಪು ಮಾಡುತ್ತಿದ್ದರು, ಜನ ಬಿದ್ದು ಬಿದ್ದು ನಗುತ್ತಿದ್ದರು. ದಾರಿಯಲ್ಲಿ ಬೇರೆ ಶಾಲೆಯ ಹುಡುಗರು ನಮ್ಮನ್ನು ಬಿಡುತ್ತಿರಲಿಲ್ಲ. "ಏ ಉಂಡೆ ಶಾಲೆ, ಇವತ್ತು ಎಂತ ಉಂಡೆ? ಎಳ್ಳುಂಡೆಯಾ, ಅರಳುಂಡೆಯಾ?"

ನಾನು ಐದನೆಯ ತರಗತಿಯಲ್ಲಿದ್ದ ವರ್ಷ ಅಪ್ಪ ದುಡಿಯುತ್ತಿದ್ದ ಹಂಚಿನ ಕಾರ್ಖಾನೆ ಮುಚ್ಚಿತು. ಅಮ್ಮ ರಾತ್ರಿ ಒಂದು ಹೊತ್ತು ಮಾತ್ರ ಒಲೆ ಹಚ್ಚತೊಡಗಿದಳು. ಪಕ್ಕದ ಮನೆಯವರು ಒಮ್ಮೆ ಅಕ್ಕಿ ತಂದುಕೊಟ್ಟಾಗ ಅಪ್ಪ "ನಮ್ಮಲ್ಲಿ ಉಂಟು" ಎಂದು ನಗುತ್ತಲೇ ಹಿಂದೆ ಕಳಿಸಿದ. ಅವರು ಹೋದ ಮೇಲೆ ನನ್ನ ಕಡೆ ತಿರುಗಿದ.

"ಮನೆಯ ಹಸಿವು ಹೊಸ್ತಿಲು ದಾಟಬಾರದು ಮಗಳೇ. ಶಾಲೆಯಲ್ಲಿ ಯಾರಾದರೂ ನಿನ್ನನ್ನು 'ಅಯ್ಯೋ ಪಾಪ' ಅಂದರು ಅಂತ ನನ್ನ ಕಿವಿಗೆ ಬಿದ್ದರೆ, ಮರುದಿನದಿಂದ ಶಾಲೆಯೂ ಬೇಡ, ಎಂತದೂ ಬೇಡ."

ಅಪ್ಪ ಆಡಿದಂತೆ ಮಾಡುವವನು. ನನಗೆ ಶಾಲೆ ಬೇಕಿತ್ತು. ಹಾಗಾಗಿ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎದ್ದು ನಿಂತು "ಉಂಡೆ, ಸಿಸ್ಟರ್" ಎನ್ನುತ್ತಿದ್ದೆ. ಆ ಪುಟ್ಟ ಪದ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತಿತ್ತು.

ಆಗ ಹೊಸ ಮುಖ್ಯೋಪಾಧ್ಯಾಯಿನಿಯಾಗಿ ಸಿಸ್ಟರ್ ಬೆರ್ನಿಸ್ ಬಂದರು. ನಮ್ಮ ತರಗತಿಯ ಹಾಜರಿಯನ್ನು ಅವರೇ ಕರೆಯುತ್ತಿದ್ದರು. ವ್ಯಾಕರಣದಲ್ಲಿ ಬಹಳ ಕಟ್ಟುನಿಟ್ಟು. ಮೊದಲ ದಿನ ನಮ್ಮ ಉತ್ತರ ಕೇಳಿ ಅವರ ಹುಬ್ಬು ಮೇಲೇರಿತು.

"ನಾನೇನು ನಿಮ್ಮ ಊಟ ವಿಚಾರಿಸಿದೆನಾ? ಪಾಪ, ಆ ದೊಡ್ಡ ಪಾದ್ರಿಗಳಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತುಂಟಲ್ಲ? ಸೋಮವಾರದಿಂದ ಎಲ್ಲರೂ 'ಬಂದೆ' ಅನ್ನಬೇಕು."

ನನ್ನಷ್ಟು ಹಗುರಾದವರು ಆ ತರಗತಿಯಲ್ಲಿ ಬೇರೆ ಇರಲಾರರು. ಸೋಮವಾರ ಎಲ್ಲರಿಗಿಂತ ಗಟ್ಟಿಯಾಗಿ "ಬಂದೆ" ಎಂದೆ. ಸುಳ್ಳಿಲ್ಲದ ಮಾತು ಎಷ್ಟು ಸಲೀಸಾಗಿ ಹೊರಬರುತ್ತದೆ!

ಹಾಜರಿ ಮುಗಿದು ಗಣಿತ ಶುರುವಾಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ಫಾದರ್ ಮಿನೇಜಸ್ ನಿಂತಿದ್ದರು. ನಿವೃತ್ತರಾಗಿ ಜಗಲಿಯ ಕೊನೆಯ ಕೋಣೆಯಲ್ಲಿದ್ದ ಅವರ ಕಣ್ಣಿಗೆ ಪೊರೆ ಬಂದಿತ್ತು, ಕಿವಿ ಮಾತ್ರ ಚುರುಕು.

"ಎಂತ ಸಿಸ್ಟರ್, ಊರಿಗೆ ಬರಗಾಲ ಬಂದಿದೆಯಾ? ನನಗೆ ಯಾರೂ ಹೇಳಲೇ ಇಲ್ಲ!"

"ಬರಗಾಲವಾ? ಇಲ್ಲ ಫಾದರ್."

"ಮತ್ತೆ ಇಡೀ ಕ್ಲಾಸು ಬಂದೆ, ಬಂದೆ ಅಂತ ಉಂಟಲ್ಲ! ಒಂದು ಮಗುವೂ ಉಂಡಿಲ್ವಾ? ನಾನು ನಾತಾಲ್ ಬಾಯಿಗೆ ಹೇಳಿಯಾಯಿತು, ಹಬ್ಬದ ಹಂಡೆ ಒಲೆಗೆ ಏರಿದೆ."

ನಾತಾಲ್ ಬಾಯಿ ಕಾನ್ವೆಂಟಿನ ಅಡುಗೆಯಾಕೆ. ಅಷ್ಟರಲ್ಲಿ ಅವಳೂ ಸೌಟು ಹಿಡಿದೇ ಓಡಿಬಂದಳು. "ಸಿಸ್ಟರ್, ಇವರು ಅಕ್ಕಿಯ ಡಬ್ಬವನ್ನೇ ಬೋರಲು ಹಾಕಿಸಿದ್ದಾರೆ! ಇನ್ನು ರಾತ್ರಿಗೆ ನೀವು ಜಪ ಮಾಡಿ ಮಲಗುವುದೇ!"

ತರಗತಿ ಗೊಳ್ಳೆಂದಿತು. ಸಿಸ್ಟರಿಗೂ ನಗು ತಡೆಯಲಾಗಲಿಲ್ಲ. ಬೆಂದ ಗಂಜಿಯನ್ನು ಏನು ಮಾಡುವುದು? ಹಲಗೆಯ ಮೇಲಿನ ತಟ್ಟೆಗಳು ಶನಿವಾರವಲ್ಲದಿದ್ದರೂ ಕೆಳಗಿಳಿದವು. ಜಗಲಿಯಲ್ಲಿ ಸಾಲಾಗಿ ಕೂತು ಎಲ್ಲರೂ ಕುಚ್ಚಲಕ್ಕಿ ಗಂಜಿ ಉಂಡೆವು, ಜೊತೆಗೆ ಮಾವಿನಮಿಡಿ ಉಪ್ಪಿನಕಾಯಿ. ಎಲ್ಲರ ಜೊತೆಗಾದ್ದರಿಂದ ನನ್ನ ಕಡೆ ಯಾರೂ ನೋಡಲಿಲ್ಲ.

ಸಾಲಿನ ಕೊನೆಯಲ್ಲಿ, ಫಾದರ್ ಕೂತ ಬೆಂಚಿನ ಬುಡದಲ್ಲಿ ನಾನಿದ್ದೆ. ನನ್ನ ಪಕ್ಕದಲ್ಲಿ ಬೇಕರಿಯವರ ಮಗಳು ಸೆವೆರಿನಾ. ಸಿಸ್ಟರ್ ಮೆಲ್ಲಗೆ, "ಬಂದೆ ಅಂದರೆ ಉಂಡಿಲ್ಲ ಅಂತ ನಿಮಗೆ ಯಾಕೆ ಅನಿಸಿತು ಫಾದರ್?" ಎಂದು ಕೇಳಿದ್ದು ನನಗೆ ಕೇಳಿಸಿತು.

"ಅನಿಸುವುದೆಂತದು? ದೊಡ್ಡ ಪಾದ್ರಿಗಳಿಗೆ ಕನ್ನಡ ಬರುತ್ತಿರಲಿಲ್ಲ ಅಂದವರು ಯಾರು? ನಮ್ಮ ಅಜ್ಜಿಯ ಹತ್ತಿರ ಬೈಗುಳ ಸಮೇತ ಕಲಿತಿದ್ದರು. ಅದು ಹಸಿವಿನ ಕಾಲ. ಧರ್ಮಕ್ಕೆ ಗಂಜಿ ಕೊಡುತ್ತೇನೆ ಅಂದರೆ ನಮ್ಮವರು ಬರಲಿಲ್ಲ, ಮಾನ ನೋಡಿ. ಆಗ ಪಾದ್ರಿಗಳು ಶಾಲೆ ಅಂತ ಶುರು ಮಾಡಿದರು. ಹೊಟ್ಟೆಗೆ ಏನಾದರೂ ಬಿದ್ದವರು 'ಉಂಡೆ' ಅನ್ನಬೇಕು. ಬೀಳದವರು ಬರೀ 'ಬಂದೆ' ಅಂದರೆ ಸಾಕು. ಬಂದೆ ಅನ್ನುವುದರಲ್ಲಿ ಎಂತ ಮರ್ಯಾದೆ ಹೋಗುತ್ತದೆ? ಆಮೇಲೆ 'ಬಂದೆ' ಅಂದವರನ್ನು ತಟ್ಟೆ ತೊಳೆಯಲಿಕ್ಕೆ ಕರೆಯುತ್ತಿದ್ದರು. ತೊಳೆಯುವ ಮೊದಲು ಅದರಲ್ಲಿ ಗಂಜಿ ಇರುತ್ತಿತ್ತು."

"ನಿಮಗಿದನ್ನು ಯಾರು ಹೇಳಿದರು?"

"ಹೇಳಲಿಕ್ಕೆ ಯಾರು ಬೇಕು? 'ಬಂದೆ' ಅನ್ನುತ್ತಿದ್ದವ ನಾನೇ ಅಲ್ವಾ."

ಸಿಸ್ಟರ್ ನಾತಾಲ್ ಬಾಯಿಯ ಕೈಯಿಂದ ಸೌಟು ತೆಗೆದುಕೊಂಡು ತಾವೇ ಬಡಿಸಲು ಹೋದರು.

ಮುಂದೆ ನಾನು ಪತ್ರಿಕೆಯಲ್ಲಿ ದುಡಿದೆ. ಇಬ್ಬರು ಹೇಳದ ಹೊರತು ಯಾವುದನ್ನೂ ಅಚ್ಚಿಗೆ ಕಳಿಸಬಾರದೆಂದು ಅಲ್ಲಿ ಕಲಿತೆ. ಶಾಲೆ ಹುಟ್ಟಿದ ಈ ಬಗೆಯನ್ನು ನನಗೆ ಹೇಳಿದವರು ಒಬ್ಬರೇ. ಎರಡನೆಯ ಬಾಯಿ ಸಿಗಲೇ ಇಲ್ಲ. ಮರುದಿನದ್ದನ್ನು ಮಾತ್ರ ನಾನೇ ಕಂಡಿದ್ದೇನೆ.

ಮರುದಿನ ಸಿಸ್ಟರ್ ಬೆರ್ನಿಸ್ ಹಾಜರಿ ಪುಸ್ತಕ ಬಿಡಿಸಿದರು. "'ಉಂಡೆ' ಅನ್ನಿ, 'ಬಂದೆ' ಅನ್ನಿ, ಎರಡೂ ಶುದ್ಧ ಕನ್ನಡವೇ. ನಿಮಗೆ ಯಾವುದು ಸರಿಯೋ ಅದು" ಎಂದರು. ತಲೆ ತಗ್ಗಿಸಿ ಹೆಸರು ಕರೆಯತೊಡಗಿದರು. ಉತ್ತರ ಕೊಟ್ಟವರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹಳೆಯ ರೂಢಿ ಬಿಡುತ್ತದೆಯೇ? ಉಂಡೆ, ಉಂಡೆ, ಉಂಡೆ ಎಂದು ಸರದಿ ನನ್ನತ್ತ ಬರತೊಡಗಿತು. ಒಬ್ಬಳೇ "ಬಂದೆ" ಎಂದರೆ ಎಲ್ಲರೂ ತಿರುಗುತ್ತಾರೆ. ತಿರುಗಿದರೆ ಮಾತು ಹುಟ್ಟುತ್ತದೆ. ಹುಟ್ಟಿದ ಮಾತು ಸಂಜೆಯೊಳಗೆ ಅಪ್ಪನ ಕಿವಿ ಮುಟ್ಟುತ್ತದೆ.

ನನ್ನ ಹೆಸರಿಗಿಂತ ಮೊದಲಿನದು ಸೆವೆರಿನಾಳದ್ದು.

"ಬಂದೆ, ಸಿಸ್ಟರ್!"

ಸಿಸ್ಟರ್ ಈಗ ತಲೆ ಎತ್ತಿದರು. "ನಿಮ್ಮದು ಬೇಕರಿ ಅಲ್ವಾ ಮಾರಾಯ್ತಿ?"

"ಹೌದು ಸಿಸ್ಟರ್. ಬನ್ ತಿಂದೆ. ಉಂಡಿಲ್ಲ."

ಮಾಡಿನ ಹಂಚು ಹಾರುವಂಥ ನಗು. ಅದು ಅಡಗುವ ಮೊದಲೇ ನನ್ನ ಹೆಸರು ಬಂತು, ನನ್ನ "ಬಂದೆ" ಅದರೊಳಗೆ ಸೇರಿಹೋಯಿತು. ನನ್ನ ಹಿಂದಿನಿಂದ ಇನ್ನೊಂದು "ಬಂದೆ", ಆಮೇಲೆ ಮತ್ತೊಂದು. ಯಾವುದು ಹಸಿವಿನದ್ದು, ಯಾವುದು ಉಪ್ಪಿನಕಾಯಿಯ ಆಸೆಯದ್ದು ಎಂದು ದೇವರೇ ಹೇಳಬೇಕು. ಸಿಸ್ಟರ್ ವಿಂಗಡಿಸಲು ಹೋಗಲಿಲ್ಲ. "ಗಂಜಿ ಕಳ್ಳರಾ, ಬಂದೆ ಅಂದವರೆಲ್ಲ ತಟ್ಟೆ ತೊಳೆಯಲು ನಡೆಯಿರಿ" ಎಂದರು.

ಸೆವೆರಿನಾ ಹಿಂದಿನ ದಿನ ಬೆಂಚಿನ ಮಾತು ಕೇಳಿಸಿಕೊಂಡಿದ್ದಳೇ? ದೊಡ್ಡವಳಾದ ಮೇಲೆ ಕೇಳಿದೆ. "ಎಂತ ಬೆಂಚು, ಎಂತ ಮಾತು? ನನಗೆ ಆ ಮಿಡಿ ಉಪ್ಪಿನಕಾಯಿಯದ್ದೇ ಜ್ಞಾನ" ಎಂದಳು. ಇದಕ್ಕೂ ಎರಡನೆಯ ಸಾಕ್ಷಿಯಿಲ್ಲ.

ಕಾರ್ಖಾನೆಯ ಚಿಮಣಿಯಲ್ಲಿ ಮತ್ತೆ ಹೊಗೆ ಕಾಣುವವರೆಗೂ ನಾನು ತಟ್ಟೆ ತೊಳೆದೆ. ಆ ಮೊದಲ ಸಂಜೆ ಅಪ್ಪ ಕೇಳಿದ, "ಇವತ್ತು ಶಾಲೆಯಲ್ಲಿ ಎಂತ ಮಾಡಿದಿ?"

"ತಟ್ಟೆ ತೊಳೆದೆ ಅಪ್ಪ. ಸಿಸ್ಟರ್ ಹೇಳಿದರು."

ಅಪ್ಪನ ಮುಖ ಅರಳಿತು. "ಒಳ್ಳೆಯದು. ಕೆಲಸಕ್ಕೆ ನಾಚಬಾರದು."

ನಾನು ತಲೆಯಾಡಿಸಿದೆ. ಆ ಹೊತ್ತಿಗೆ ಶಾಲೆಯ ಜಗಲಿಯಲ್ಲಿ ತಟ್ಟೆಗಳು ಎಂದಿನಂತೆ ಕವುಚಿಕೊಂಡಿದ್ದಿರಬೇಕು, ಅವುಗಳ ನೀಲಿ ಅಂಚಿನ ಕೆಳಗೆ ಹಲಗೆ ಇನ್ನೂ ಒದ್ದೆ.